ಹೆಸರು ಯಾರದು – ವ್ಯಕ್ತಿಯದೋ, ಸಂಸ್ಥೆಯದೋ?

ಸಿದ್ದಾಪುರ ತಾಲೂಕಿನ ಒಂದು ಪ್ರೌಢಶಾಲೆಯ ಕಚೇರಿಯಲ್ಲಿ ದೂರವಾಣಿ ಸಂಖ್ಯೆಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದೆ ಎಂದುಕೊಳ್ಳೋಣ. ಅದರಲ್ಲಿ ಹೀಗೆ ಬರೆದಿದೆ: ಟಿ.ಎಂ.ಎಸ್., ಎಸ್.ಎಂ. ಭಟ್, ಹೆಗಡೆ ಸ್ಟೋರ್ಸ್, ಗಣಪತಿ ಹೆಗಡೆ, ತಹಶೀಲ್ದಾರ್, ತಾಲೂಕು ಆಸ್ಪತ್ರೆ, ಮಾರಿಕಾಂಬಾ ದೇವಸ್ಥಾನ, ಮುಖ್ಯಾಧ್ಯಾಪಕರು (ಮನೆ). ಟಿ.ಎಂ.ಎಸ್. ಮತ್ತು ಮಾರಿಕಾಂಬಾ ದೇವಸ್ಥಾನಗಳ ಹೊರತು ಇಲ್ಲಿನ ಹೆಸರುಗಳೆಲ್ಲ ಉದಾಹರಣೆಗಾಗಿ ಕಲ್ಪಿಸಿದವು.

ಊರಿನವರಿಗೆ ಈ ಪಟ್ಟಿಯಲ್ಲಿ ಗೊಂದಲವೇನೂ ಕಾಣದು. ಟಿ.ಎಂ.ಎಸ್. ಎಂದರೆ ರೈತರ ಅಡಿಕೆ ಮಾರಿಕೊಡುವ ಸಹಕಾರಿ ಸಂಘ. ಎಸ್.ಎಂ. ಭಟ್ ಒಬ್ಬ ಮನುಷ್ಯ. ಎರಡರಲ್ಲೂ ಇನಿಷಿಯಲ್ ಇದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಇದೇ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟರೆ? ಅದಕ್ಕೆ ಇವೆಲ್ಲ ಬರೀ ಅಕ್ಷರಗಳ ಸಾಲುಗಳು. ಯಾವ ಸಾಲು ಮನುಷ್ಯನದು, ಯಾವುದು ಸಂಸ್ಥೆಯದು ಎಂದು ಅದು ಹೇಗೆ ತಿಳಿಯಬೇಕು? ಚಿಕ್ಕದಾಗಿ ಕಾಣುವ ಈ ಪ್ರಶ್ನೆಗೆ ಒಪ್ಪುವ ಉತ್ತರ ಮಾನಕಗಳಲ್ಲಿ ಸೇರಲು ಹದಿನೈದು ವರ್ಷ ಬೇಕಾಯಿತು. ಆ ಉತ್ತರವನ್ನು ನಾವು ಸರಿಯಾಗಿ ಬಳಸುತ್ತಿದ್ದೇವೆಯೇ ಎಂಬುದು ಇನ್ನೊಂದು ಪ್ರಶ್ನೆ.

ವಿಕಾರ್ಡ್ ಎಂದರೇನು?

ಮೊಬೈಲಿನಿಂದ ಒಬ್ಬರ ಹೆಸರು, ಸಂಖ್ಯೆಯನ್ನು ಇನ್ನೊಂದು ಮೊಬೈಲಿಗೆ ಕಳಿಸುವಾಗ ಹೋಗುವುದು ಸಾಮಾನ್ಯವಾಗಿ ‘ವಿಕಾರ್ಡ್’ ಎಂಬ ಪುಟ್ಟ ಕಡತ. ಇದನ್ನು ವಿದ್ಯುನ್ಮಾನ ವಿಸಿಟಿಂಗ್ ಕಾರ್ಡ್ ಎನ್ನಬಹುದು. ಆಪಲ್, ಐಬಿಎಂ, ಎಟಿ ಅಂಡ್ ಟಿ ಮತ್ತು ಸೀಮೆನ್ಸ್ ಕಂಪನಿಗಳು ಸೇರಿ ಕಟ್ಟಿದ ‘ವರ್ಸಿಟ್’ ಎಂಬ ಒಕ್ಕೂಟ ಇದನ್ನು ರೂಪಿಸಿತು. ಅದರ 2.1ನೇ ಆವೃತ್ತಿ 1996ರಲ್ಲಿ ಬಂತು. ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 1998ರಲ್ಲಿ 3.0 ಆವೃತ್ತಿಯನ್ನೂ 2011ರಲ್ಲಿ 4.0 ಆವೃತ್ತಿಯನ್ನೂ ಪ್ರಕಟಿಸಿತು.

ಈ ಕಡತವನ್ನು ಯಾವುದೇ ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದು. ಪ್ರತಿ ಸಾಲಿನಲ್ಲೂ ಒಂದು ಕಾಲಂನ ಗುರುತು, ಒಂದು ವಿವರಣ ಚಿಹ್ನೆ, ಅನಂತರ ಮಾಹಿತಿ ಇರುತ್ತದೆ. ಗುರುತುಗಳು ನಿಜವಾದ ಕಡತದಲ್ಲಿ ರೋಮನ್ ಅಕ್ಷರಗಳಲ್ಲೇ ಇರಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಅವನ್ನು ಕನ್ನಡದಲ್ಲಿ ಬರೆದಿದೆ. ನಮ್ಮ ಚರ್ಚೆಗೆ ಬೇಕಾದವು ನಾಲ್ಕು:

ಎಫ್‌ಎನ್ – ಪರದೆಯ ಮೇಲೆ ಕಾಣಿಸಬೇಕಾದ ಪೂರ್ಣ ಹೆಸರು
ಎನ್ – ಅದೇ ಹೆಸರು, ಭಾಗಗಳಾಗಿ ಬಿಡಿಸಿದ್ದು
ಆರ್ಗ್ – ಸಂಸ್ಥೆಯ ಹೆಸರು
ಕೈಂಡ್ – ಈ ಕಾರ್ಡು ಯಾವ ಬಗೆಯದು

ಕೊನೆಯದಾದ ‘ಕೈಂಡ್’ ಸೇರಿದ್ದು 2011ರ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಪ್ರತಿಯೊಂದು ಕಾರ್ಡೂ ಒಬ್ಬ ಮನುಷ್ಯನದು ಎಂಬ ನಂಬಿಕೆಯ ಮೇಲೆಯೇ ವ್ಯವಸ್ಥೆ ನಡೆದಿತ್ತು. 3.0 ಆವೃತ್ತಿಯಲ್ಲಂತೂ ‘ಎನ್’ ಸಾಲು ಕಡ್ಡಾಯ. ಆಸ್ಪತ್ರೆಯ ಕಾರ್ಡು ಮಾಡಹೊರಟರೂ ಅದಕ್ಕೊಂದು ಕುಟುಂಬದ ಹೆಸರಿನ ಜಾಗ ಬಿಡಲೇಬೇಕಿತ್ತು!

ಹೆಸರನ್ನು ಬಿಡಿಸುವ ಕಷ್ಟ

‘ಎನ್’ ಸಾಲಿನಲ್ಲಿ ಐದು ಭಾಗಗಳಿವೆ. ಕುಟುಂಬದ ಹೆಸರು, ಸ್ವಂತ ಹೆಸರು, ಹೆಚ್ಚುವರಿ ಹೆಸರು, ಹೆಸರಿನ ಮುಂದೆ ಸೇರುವ ಡಾ., ಶ್ರೀ ಮುಂತಾದವು, ಕೊನೆಯಲ್ಲಿ ಸೇರುವ ಪದವಿ ಮುಂತಾದವು. ಇವನ್ನು ಇದೇ ಕ್ರಮದಲ್ಲಿ, ಅರ್ಧವಿರಾಮ ಚಿಹ್ನೆಯಿಂದ ಬೇರೆ ಮಾಡಿ ಬರೆಯುತ್ತಾರೆ.

ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿ ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರ ಪೂರ್ಣ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶಾಲಾ ದಾಖಲೆಗಳಲ್ಲಿ ಈ ಕ್ರಮ ಬಹಳ ಸಾಮಾನ್ಯ. ಇದು ವಿಕಾರ್ಡಿನ ಕಾಲಂಗಳಿಗೆ ಸಲೀಸಾಗಿ ಹೊಂದುತ್ತದೆ:

ಎನ್:ಹೆಗಡೆ;ರಾಮಕೃಷ್ಣ;ಮಹಾಬಲೇಶ್ವರ;;

ಈಗ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ತೆಗೆದುಕೊಳ್ಳಿ. ಇಲ್ಲಿ ಮೊದಲ ಪದ ಪೂರ್ವಜರ ಊರು, ಎರಡನೆಯದು ಸ್ವಂತ ಹೆಸರು. ಕೊನೆಯ ಪದವೇ ಕುಟುಂಬದ ಹೆಸರು ಎಂಬ ಸೂತ್ರ ಹಿಡಿದು ಹೊರಟ ತಂತ್ರಾಂಶ ‘ವಿಶ್ವೇಶ್ವರಯ್ಯ’ ಎಂಬುದನ್ನು ಅಡ್ಡಹೆಸರು ಮಾಡಿಬಿಡುತ್ತದೆ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನಲ್ಲಿಯೂ ಅದೇ ಪದವಿದೆ. ಆದರೆ ಅದು ಮನುಷ್ಯನಲ್ಲ. ಅಂದರೆ ಹೆಸರಿನಲ್ಲಿರುವ ಪದವನ್ನು ನೋಡಿ ‘ಇದು ವ್ಯಕ್ತಿ’ ಎನ್ನುವಂತಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ‘ಹೆಗಡೆ’ ಎಂಬುದು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆಗಳ ಅಡ್ಡಹೆಸರು. ಕುಮಟಾ ತಾಲೂಕಿನಲ್ಲಿ ಅದೊಂದು ಊರಿನ ಹೆಸರೂ ಹೌದು. ಶಿರಸಿಯಲ್ಲಿ 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಜನ ಕರೆಯುವುದು ಟಿ.ಎಸ್.ಎಸ್. ಎಂದು. ಊರು, ತಂದೆ, ಸ್ವಂತ ಹೆಸರು ಮೂರನ್ನೂ ಮೊಟಕು ಮಾಡಿದ ಒಬ್ಬ ಮನುಷ್ಯನ ಹೆಸರೂ ಹೀಗೆಯೇ ಕಾಣುತ್ತದೆ. ಟಿ.ಎಂ.ಎಸ್. ಎಂಬ ಹೆಸರಿನ ಸಂಘವಂತೂ ಸಿದ್ದಾಪುರದಲ್ಲಿ ಒಂದು, ಯಲ್ಲಾಪುರದಲ್ಲಿ ಇನ್ನೊಂದು.

ಊಹೆಯ ಸೂತ್ರಗಳು

‘ಕೈಂಡ್’ ಕಾಲಂ ಬರುವ ಮೊದಲು ತಂತ್ರಾಂಶ ಬರೆಯುವವರು ಬೇರೆ ಬೇರೆ ಉಪಾಯ ಮಾಡಿಕೊಂಡರು. ಆಪಲ್ ಕಂಪನಿ ತನ್ನ ವಿಳಾಸ ಪುಸ್ತಕಕ್ಕೆ ಸ್ವಂತದ್ದೊಂದು ಗುರುತು ಸೇರಿಸಿ ‘ಇದನ್ನು ಕಂಪನಿಯೆಂದು ತೋರಿಸು’ ಎಂದು ಬರೆಯತೊಡಗಿತು. ಆ ಗುರುತನ್ನು ಅರಿಯದ ತಂತ್ರಾಂಶಗಳಿಗೆ ಅದರಿಂದ ಪ್ರಯೋಜನವಿಲ್ಲ.

ಜಾಲಪುಟಗಳಲ್ಲಿ ವಿಕಾರ್ಡಿನ ಮಾಹಿತಿಯನ್ನು ಹುದುಗಿಸಲು 2000ದ ದಶಕದ ಮಧ್ಯದಲ್ಲಿ ರೂಪುಗೊಂಡ ‘ಎಚ್‌ಕಾರ್ಡ್’ ಎಂಬ ನಮೂನೆ ಎರಡು ಜಾಣ ಸೂತ್ರಗಳನ್ನು ಹಾಕಿಕೊಂಡಿತು. ಇವು ತರಗತಿಯಲ್ಲಿ ಚರ್ಚಿಸಲು ಯೋಗ್ಯವಾಗಿವೆ.

ಸೂತ್ರ 1: ‘ಎಫ್‌ಎನ್’ ಮತ್ತು ‘ಆರ್ಗ್’ ಎರಡರಲ್ಲೂ ಒಂದೇ ಹೆಸರಿದ್ದರೆ ಅದು ಸಂಸ್ಥೆ. ತರ್ಕ ಸರಳ. ಮನುಷ್ಯನ ಹೆಸರೂ ಅವನು ಕೆಲಸ ಮಾಡುವ ಸಂಸ್ಥೆಯ ಹೆಸರೂ ಸಾಮಾನ್ಯವಾಗಿ ಬೇರೆ ಬೇರೆ. ಎರಡೂ ಒಂದೇ ಆಗಿದ್ದರೆ ಸಂಸ್ಥೆಯೇ ತನ್ನ ಕಾರ್ಡು ಕೊಡುತ್ತಿದೆ ಎಂದರ್ಥ.

ಸೂತ್ರ 2: ಸಂಸ್ಥೆಯಲ್ಲ ಎಂದಾದರೆ, ‘ಎನ್’ ಕೊಟ್ಟಿಲ್ಲದಿದ್ದರೆ ಮತ್ತು ಹೆಸರಿನಲ್ಲಿ ಸರಿಯಾಗಿ ಎರಡು ಪದಗಳಿದ್ದರೆ, ಮೊದಲನೆಯದು ಸ್ವಂತ ಹೆಸರು, ಎರಡನೆಯದು ಕುಟುಂಬದ ಹೆಸರು. ಆದರೆ ಎರಡನೆಯ ಪದ ಒಂದೇ ಅಕ್ಷರವಾಗಿದ್ದರೆ ಇದನ್ನು ತಿರುಗಿಸಬೇಕು.

ಗಣಪತಿ ಹೆಗಡೆ ಎಂಬ ಹೆಸರಿಗೆ ಎರಡನೆಯ ಸೂತ್ರ ಸರಿಯಾಗಿ ಒಪ್ಪುತ್ತದೆ. ಆದರೆ ಯಾರೋ ‘ಆರ್ಗ್’ ಕಾಲಂ ತುಂಬುವುದನ್ನು ಮರೆತರೆ ಮಾರಿಕಾಂಬಾ ದೇವಸ್ಥಾನಕ್ಕೂ ಅದೇ ಸೂತ್ರ ಅನ್ವಯವಾಗುತ್ತದೆ. ಆಗ ‘ಮಾರಿಕಾಂಬಾ’ ಸ್ವಂತ ಹೆಸರು, ‘ದೇವಸ್ಥಾನ’ ಮನೆತನದ ಹೆಸರು! ತಾಲೂಕು ಆಸ್ಪತ್ರೆಯ ಮನೆತನ ‘ಆಸ್ಪತ್ರೆ’.

ಇನಿಷಿಯಲ್ ಇರುವ ಹೆಸರುಗಳ ಪಾಡು ಇನ್ನೂ ವಿಚಿತ್ರ. ‘ರಾಮಚಂದ್ರ ಎಸ್.’ ಎಂಬ ಕಲ್ಪಿತ ಹೆಸರನ್ನು ನೋಡೋಣ. ರೋಮನ್ ಲಿಪಿಯಲ್ಲಿ ‘ಎಸ್’ ಒಂದೇ ಅಕ್ಷರ. ಹಾಗಾಗಿ ಸೂತ್ರದ ಕೊನೆಯ ಭಾಗದಂತೆ ರಾಮಚಂದ್ರ ಎಂಬುದು ಕುಟುಂಬದ ಹೆಸರಾಗಿ, ಎಸ್ ಸ್ವಂತ ಹೆಸರಾಗುತ್ತದೆ. ಅದೇ ಹೆಸರನ್ನು ಕನ್ನಡದಲ್ಲಿ ಬರೆದರೆ? ಯುನಿಕೋಡಿನಲ್ಲಿ ‘ಎಸ್’ ಎಂಬುದಕ್ಕೆ ಎ, ಸ ಮತ್ತು ಹಲಂತ ಚಿಹ್ನೆ ಎಂದು ಮೂರು ಸಂಕೇತಗಳು. ಒಂದೇ ಅಕ್ಷರವಲ್ಲದ್ದರಿಂದ ತಿರುಗಿಸುವ ನಿಯಮ ಕೆಲಸ ಮಾಡುವುದಿಲ್ಲ. ಈಗ ರಾಮಚಂದ್ರ ಸ್ವಂತ ಹೆಸರು, ಎಸ್ ಕುಟುಂಬದ ಹೆಸರು. ಒಬ್ಬನೇ ಮನುಷ್ಯ, ಎರಡು ಲಿಪಿ, ಎರಡು ವಿರುದ್ಧ ಉತ್ತರ! ‘ಎಸ್’ ಎಂಬುದು ತಂದೆಯ ಹೆಸರಿನ ಮೊದಲಕ್ಷರವಾಗಿದ್ದರೆ ಎರಡೂ ತಪ್ಪೇ.

ಸೂತ್ರ ಮಾಡಿದವರು ದಡ್ಡರೆಂದು ಇದರ ಅರ್ಥವಲ್ಲ. ಹೆಸರಿನ ಅಕ್ಷರಗಳಲ್ಲಿ ಇಲ್ಲದ ಮಾಹಿತಿಯನ್ನು ಆ ಅಕ್ಷರಗಳಿಂದಲೇ ಹಿಂಡಿ ತೆಗೆಯುವುದು ಆಗದ ಕೆಲಸ. ಬೇಕಾದ ಮಾಹಿತಿಯನ್ನು ಬೇರೆ ಕಾಲಂನಲ್ಲಿ ಬರೆದಿಡಬೇಕು.

ಒಂದೇ ಅಕ್ಷರದ ಪರಿಹಾರ

ಈ ಪಾಠವನ್ನು ನಮ್ಮ ದೇಶದ ಆದಾಯ ತೆರಿಗೆ ಇಲಾಖೆಯ ಪ್ಯಾನ್ ಸಂಖ್ಯೆ ಬಹು ಸೊಗಸಾಗಿ ತೋರಿಸುತ್ತದೆ. ಪ್ಯಾನ್‌ನಲ್ಲಿ ಹತ್ತು ಸ್ಥಾನಗಳು: ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ನಿಮ್ಮ ಕಾರ್ಡು ತೆಗೆದು ನಾಲ್ಕನೆಯ ಅಕ್ಷರ ನೋಡಿ. ಅದು ‘ಪಿ’ ಆಗಿರುತ್ತದೆ; ಅಂದರೆ ವ್ಯಕ್ತಿ. ಕಂಪನಿಗೆ ‘ಸಿ’, ಪಾಲುದಾರಿಕೆ ಸಂಸ್ಥೆಗೆ ‘ಎಫ್’, ಟ್ರಸ್ಟಿಗೆ ‘ಟಿ’, ಸರಕಾರಕ್ಕೆ ‘ಜಿ’, ಹಿಂದೂ ಅವಿಭಕ್ತ ಕುಟುಂಬಕ್ಕೆ ‘ಎಚ್’. ಐದನೆಯ ಅಕ್ಷರ ವ್ಯಕ್ತಿಯಾದರೆ ಅಡ್ಡಹೆಸರಿನ ಮೊದಲಕ್ಷರ, ಉಳಿದವರಿಗೆ ಆ ಸಂಸ್ಥೆಯ ಹೆಸರಿನ ಮೊದಲಕ್ಷರ.

ಅಡಿಕೆ ತೋಟವಿರುವ ಅವಿಭಕ್ತ ಕುಟುಂಬದ ಯಜಮಾನರಿಗೆ ತಮ್ಮದೊಂದು ಪ್ಯಾನ್, ಕುಟುಂಬದ ಹೆಸರಿನಲ್ಲಿ ಇನ್ನೊಂದು ಪ್ಯಾನ್ ಇರಬಹುದು. ಎರಡರ ಮೇಲಿನ ಹೆಸರುಗಳೂ ಹೆಚ್ಚು ಕಡಿಮೆ ಒಂದೇ. ಆದರೂ ನಾಲ್ಕನೆಯ ಅಕ್ಷರ ಅವೆರಡನ್ನೂ ನಿಸ್ಸಂದೇಹವಾಗಿ ಬೇರೆ ಮಾಡುತ್ತದೆ. ಹೆಸರಿನಿಂದ ಊಹಿಸುವ ಅಗತ್ಯವೇ ಇಲ್ಲ.

ವಿಕಾರ್ಡ್ 4.0 ತಂದ ‘ಕೈಂಡ್’ ಕಾಲಂ ಮಾಡುವುದೂ ಇದೇ ಕೆಲಸವನ್ನು. ಅದರ ಮುಖ್ಯ ಬೆಲೆಗಳು ನಾಲ್ಕು: ‘ಇಂಡಿವಿಜುವಲ್’ ಎಂದರೆ ಒಬ್ಬ ವ್ಯಕ್ತಿ, ‘ಆರ್ಗ್’ ಎಂದರೆ ಸಂಸ್ಥೆ, ‘ಗ್ರೂಪ್’ ಎಂದರೆ ಸದಸ್ಯರ ಗುಂಪು, ‘ಲೊಕೇಶನ್’ ಎಂದರೆ ಸ್ಥಳ. ತಂತ್ರಾಂಶ ಮತ್ತು ಉಪಕರಣಗಳಿಗಾಗಿ ಅನಂತರ ಇನ್ನೆರಡು ಬೆಲೆಗಳು ಸೇರಿದವು. ‘ಎನ್’ ಸಾಲಿನ ಕಡ್ಡಾಯವೂ ತಪ್ಪಿತು. ಶಾಲೆಯ ಕಾರ್ಡು ಈಗ ಹೀಗಿರಬಹುದು:

ಬಿಗಿನ್:ವಿಕಾರ್ಡ್
ವರ್ಷನ್:4.0
ಕೈಂಡ್:ಆರ್ಗ್
ಎಫ್‌ಎನ್:ಸರಕಾರಿ ಪ್ರೌಢಶಾಲೆ
ಆರ್ಗ್:ಸರಕಾರಿ ಪ್ರೌಢಶಾಲೆ
ಎಂಡ್:ವಿಕಾರ್ಡ್

ಸಂಸ್ಥೆ ಮತ್ತು ಗುಂಪಿನ ವ್ಯತ್ಯಾಸವನ್ನು ಗಮನಿಸಿ. ತಾಲೂಕಿನ ವಿಜ್ಞಾನ ಶಿಕ್ಷಕರ ಬಳಗ ಒಂದು ಗುಂಪು. ಅದರ ಕಾರ್ಡಿನಲ್ಲಿ ಸದಸ್ಯರ ಪಟ್ಟಿ ಇರುತ್ತದೆ, ಅದಕ್ಕೆ ಕಳಿಸಿದ ಪತ್ರ ಸಾಮಾನ್ಯವಾಗಿ ಎಲ್ಲ ಸದಸ್ಯರಿಗೂ ಹೋಗಬೇಕು. ಶಾಲೆ ಒಂದು ಸಂಸ್ಥೆ; ಅದಕ್ಕೆ ಕಳಿಸಿದ ಪತ್ರ ಶಾಲೆಯ ಒಂದು ವಿಳಾಸಕ್ಕೆ ಹೋದರೆ ಸಾಕು. ಇನ್ನು ‘ಸಿದ್ದಾಪುರ’ ಎಂಬುದು ಸ್ಥಳ. ಆದರೆ ಯಾವ ಸಿದ್ದಾಪುರ? ಕೊಡಗಿನಲ್ಲೊಂದು, ಉಡುಪಿ ಜಿಲ್ಲೆಯಲ್ಲೊಂದು ಸಿದ್ದಾಪುರ ಇದೆ. ಬಗೆ ತಿಳಿದ ಮೇಲೂ ಗುರುತು ಪೂರ್ಣವಾಗಲು ಪಿನ್‌ಕೋಡ್ ಮುಂತಾದ ವಿವರ ಬೇಕು.

ಒಂದು ಮುಖ್ಯ ಎಚ್ಚರಿಕೆ. ‘ಕೈಂಡ್’ ಕಾಲಂ ಇಲ್ಲದಿದ್ದರೆ ಆ ಕಾರ್ಡನ್ನು ವ್ಯಕ್ತಿಯದೆಂದೇ ತಿಳಿಯಬೇಕು ಎಂದು ಮಾನಕ ಹೇಳುತ್ತದೆ. ಹಳೆಯ ಕಾರ್ಡುಗಳೂ ನಡೆಯಬೇಕಲ್ಲ! ಆದ್ದರಿಂದ ಏನೂ ಹೇಳದೆ ಸುಮ್ಮನಿದ್ದರೂ ನಾವು ಏನನ್ನೋ ಹೇಳಿದಂತೆಯೇ. ಸುಮ್ಮನೆ ಬಿಟ್ಟ ಆಸ್ಪತ್ರೆಯ ಕಾರ್ಡು ಕಂಪ್ಯೂಟರಿನ ಪಾಲಿಗೆ ಒಬ್ಬ ಮನುಷ್ಯ.

ಮೂರನೆಯ ಬಗೆ: ಹುದ್ದೆ

ನಮ್ಮ ಗೋಡೆಯ ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. ತಹಶೀಲ್ದಾರ್ ಎಂದರೆ ವ್ಯಕ್ತಿಯೇ, ಸಂಸ್ಥೆಯೇ? ಎರಡೂ ಅಲ್ಲ, ಅದು ಹುದ್ದೆ. ಇಂದು ಒಬ್ಬರು, ವರ್ಗಾವಣೆಯಾದರೆ ನಾಳೆ ಇನ್ನೊಬ್ಬರು. ಮುಖ್ಯಾಧ್ಯಾಪಕರು, ಕ್ಷೇತ್ರ ಶಿಕ್ಷಣಾಧಿಕಾರಿ ಎಲ್ಲರದೂ ಇದೇ ಕಥೆ.

ಇಲ್ಲಿ ಒಂದರ ಬದಲು ಎರಡು ಕಾರ್ಡು ಮಾಡುವುದು ಒಳ್ಳೆಯದು. ಕಚೇರಿ ಅಥವಾ ಶಾಲೆಗೆ ಒಂದು: ಬಗೆ ಸಂಸ್ಥೆ, ಅದರಲ್ಲಿ ಕಚೇರಿಯ ದೂರವಾಣಿ, ಕಚೇರಿಯ ಮಿಂಚಂಚೆ. ಅಲ್ಲಿರುವ ವ್ಯಕ್ತಿಗೆ ಇನ್ನೊಂದು: ಬಗೆ ವ್ಯಕ್ತಿ, ‘ಆರ್ಗ್’ ಕಾಲಂನಲ್ಲಿ ಶಾಲೆಯ ಹೆಸರು, ‘ಟೈಟಲ್’ ಎಂಬ ಕಾಲಂನಲ್ಲಿ ‘ಮುಖ್ಯಾಧ್ಯಾಪಕ’. ವರ್ಗಾವಣೆಯಾದಾಗ ವ್ಯಕ್ತಿಯ ಕಾರ್ಡಿನಲ್ಲಿ ಎರಡು ಸಾಲು ಬದಲಾಯಿಸಿದರೆ ಮುಗಿಯಿತು. ಶಾಲೆಯ ಕಾರ್ಡನ್ನು ಮುಟ್ಟುವ ಅಗತ್ಯವೇ ಬೀಳದು.

ತಪ್ಪಿದರೆ ಏನಾಗುತ್ತದೆ?

‘ಪ್ರಿಯ ಶ್ರೀ ಆಸ್ಪತ್ರೆಯವರೇ’ ಎಂದು ಪತ್ರ ಹೋದರೆ ನಕ್ಕು ಬಿಡಬಹುದು. ಉಳಿದ ಪರಿಣಾಮಗಳು ನಗುವಂಥವಲ್ಲ.

ಮೊದಲನೆಯದು ಹುಡುಕಾಟ. ಅಡ್ಡಹೆಸರಿನ ಪ್ರಕಾರ ಜೋಡಿಸುವ ತಂತ್ರಾಂಶದಲ್ಲಿ ‘ತಾಲೂಕು ಆಸ್ಪತ್ರೆ’ ಹೋಗಿ ಕೂರುವುದು ‘ಆ’ ಅಕ್ಷರದ ಕೆಳಗೆ. ತುರ್ತಿನಲ್ಲಿ ‘ತ’ ಅಕ್ಷರದ ಕೆಳಗೆ ಹುಡುಕುವವರಿಗೆ ಅದು ಸಿಗುವುದಿಲ್ಲ. ಮಳೆಗಾಲದ ರಾತ್ರಿ ಹಾವು ಕಡಿದವರನ್ನು ಸಾಗಿಸುವಾಗ ಅರ್ಧ ನಿಮಿಷದ ಹುಡುಕಾಟವೂ ದೀರ್ಘವೇ.

ಎರಡನೆಯದು ವಿಲೀನ. ಒಂದೇ ಸಂಖ್ಯೆಯಿರುವ ಎರಡು ಕಾರ್ಡುಗಳನ್ನು ‘ಇವೆರಡೂ ಒಬ್ಬರದೇ’ ಎಂದು ಸೇರಿಸುವ ಸೌಲಭ್ಯ ಅನೇಕ ಮೊಬೈಲುಗಳಲ್ಲಿದೆ. ಮುಖ್ಯಾಧ್ಯಾಪಕರ ಕಾರ್ಡಿನಲ್ಲಿ ಶಾಲೆಯ ಸಂಖ್ಯೆಯೂ ಇದ್ದರೆ ಶಾಲೆ ಅವರೊಳಗೆ ಲೀನವಾಗಬಹುದು. ಅವರು ನಿವೃತ್ತರಾದಾಗ ಯಾರೋ ಆ ಕಾರ್ಡನ್ನು ಅಳಿಸಿದರೆ ಶಾಲೆಯೂ ಅಳಿಸಿಹೋಗುತ್ತದೆ.

ಮೂರನೆಯದು ಖಾಸಗಿತನ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಪಾಡುವುದು ಗುರುತಿಸಬಹುದಾದ ಒಬ್ಬ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿಯನ್ನು. ಆಸ್ಪತ್ರೆಯ, ಶಾಲೆಯ ದೂರವಾಣಿ ಊರಿಗೆಲ್ಲ ತಿಳಿಯಬೇಕಾದದ್ದು. ಮುಖ್ಯಾಧ್ಯಾಪಕರ ಮನೆಯ ಸಂಖ್ಯೆ ಹಾಗಲ್ಲ. ಪಟ್ಟಿಯಲ್ಲಿ ಬಗೆಯ ಕಾಲಂ ಇದ್ದರೆ ‘ಸಂಸ್ಥೆಗಳನ್ನು ಮಾತ್ರ ಪ್ರಕಟಿಸು’ ಎಂದು ಕಂಪ್ಯೂಟರಿಗೆ ಹೇಳಬಹುದು. ಇಲ್ಲದಿದ್ದರೆ ಎಲ್ಲವನ್ನೂ ಮುಚ್ಚಿಡಬೇಕು, ಅಥವಾ ಎಲ್ಲವನ್ನೂ ಬಯಲಿಗಿಡಬೇಕು. ಎರಡೂ ಸರಿಯಲ್ಲ.

ಇಲ್ಲಿ ಪದಬಳಕೆಯ ಒಂದು ಸೂಕ್ಷ್ಮವಿದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ ಕಾನೂನಿನಲ್ಲಿ ‘ವ್ಯಕ್ತಿ’ ಎಂಬ ಮಾತು ಕಂಪನಿ, ಸಂಘಗಳನ್ನೂ ಒಳಗೊಳ್ಳುತ್ತದೆ. ಕಂಪನಿ ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ಆದರೆ ವಿಕಾರ್ಡಿನ ‘ಇಂಡಿವಿಜುವಲ್’ ಎಂದರೆ ಒಬ್ಬ ಮನುಷ್ಯ ಮಾತ್ರ. ಒಂದೇ ಪದ ಎರಡು ಶಾಸ್ತ್ರಗಳಲ್ಲಿ ಎರಡು ಅರ್ಥ ತಳೆಯುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಭೌತಶಾಸ್ತ್ರದ ‘ಕೆಲಸ’ವೂ ದಿನನಿತ್ಯದ ‘ಕೆಲಸ’ವೂ ಒಂದೇ ಅಲ್ಲವಷ್ಟೆ.

ಇಂದಿನ ಸ್ಥಿತಿ

ಬಗೆಯನ್ನು ಮೊದಲೇ ಹೇಳಬೇಕೆಂಬ ಮಾತು ಈಗ ಎಲ್ಲೆಡೆ ಒಪ್ಪಿತವಾಗಿದೆ. ಶೋಧ ಯಂತ್ರದ ಕಂಪನಿಗಳಾದ ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಆರಂಭಿಸಿದ ‘ಸ್ಕೀಮಾ ಡಾಟ್ ಆರ್ಗ್’ ಪದಕೋಶದಲ್ಲಿ ವ್ಯಕ್ತಿ ಮತ್ತು ಸಂಸ್ಥೆ ಎರಡು ಬೇರೆ ಬೇರೆ ವರ್ಗಗಳು. ಐಇಟಿಎಫ್ 2024ರಲ್ಲಿ ಪ್ರಕಟಿಸಿದ ‘ಜೆಎಸ್‌ಕಾಂಟ್ಯಾಕ್ಟ್’ ಎಂಬ ಹೊಸ ಮಾನಕದಲ್ಲಿಯೂ ‘ಕೈಂಡ್’ ಇದೆ.

ಆದರೆ ಮಾನಕ ಬಂದ ಮಾತ್ರಕ್ಕೆ ಬಳಕೆ ಬರುವುದಿಲ್ಲ. ಅನೇಕ ಮೊಬೈಲುಗಳು ಇಂದಿಗೂ ಹೊರಗೆ ಕಳಿಸುವುದು 2.1 ಅಥವಾ 3.0 ಆವೃತ್ತಿಯ ಕಾರ್ಡುಗಳನ್ನೇ. ಅಂಥ ಕಡೆ ‘ಕೈಂಡ್’ ಬರೆಯಲು ಜಾಗವಿಲ್ಲ. ಆಗ ಸಂಸ್ಥೆಯ ಹೆಸರನ್ನು ಸ್ವಂತ ಹೆಸರಿನ ಕಾಲಂನಲ್ಲಿ ತುಂಬದೆ, ‘ಕಂಪನಿ’ ಎಂದು ತೋರುವ ಕಾಲಂನಲ್ಲಿ ತುಂಬುವುದು ಉತ್ತಮ. ಬಹಳಷ್ಟು ತಂತ್ರಾಂಶಗಳು ಹೆಸರಿನ ಜಾಗ ಖಾಲಿಯಿದ್ದರೆ ಕಂಪನಿಯ ಹೆಸರನ್ನೇ ತೋರಿಸುತ್ತವೆ.

ಮಾಡಿ ನೋಡಿ

ಇದಕ್ಕೆ ಕಂಪ್ಯೂಟರ್ ಬೇಕೆಂದಿಲ್ಲ. ವಿದ್ಯಾರ್ಥಿಗಳಿಂದ ತಮ್ಮ ಊರಿನ ಇಪ್ಪತ್ತು ಹೆಸರುಗಳನ್ನು, ಸಂಖ್ಯೆಗಳಿಲ್ಲದೆ, ಬರೆಸಿ. ಅಂಗಡಿ, ಸಂಘ, ದೇವಸ್ಥಾನ, ಕಚೇರಿ, ಹುದ್ದೆ, ಕಲ್ಪಿತ ವ್ಯಕ್ತಿಗಳ ಹೆಸರು ಎಲ್ಲವೂ ಇರಲಿ. ಒಂದು ತಂಡ ಎಚ್‌ಕಾರ್ಡಿನ ಎರಡನೆಯ ಸೂತ್ರವನ್ನು ಕಣ್ಣುಮುಚ್ಚಿ ಅನ್ವಯಿಸಲಿ. ಇನ್ನೊಂದು ತಂಡ ತಮ್ಮ ತಿಳಿವಳಿಕೆಯಿಂದ ವ್ಯಕ್ತಿ, ಸಂಸ್ಥೆ, ಹುದ್ದೆ, ಸ್ಥಳ ಎಂದು ವಿಂಗಡಿಸಲಿ. ಎರಡನ್ನೂ ಹೋಲಿಸಿ, ಸೂತ್ರ ಎಷ್ಟು ಕಡೆ ತಪ್ಪಿತು ಎಂದು ಎಣಿಸಿ. ಬಳಿಕ ಸೂತ್ರವನ್ನು ತಿದ್ದಲು ಹೇಳಿ. ‘ಸ್ಟೋರ್ಸ್, ಆಸ್ಪತ್ರೆ, ಸಂಘ ಎಂಬ ಪದವಿದ್ದರೆ ಸಂಸ್ಥೆ’ ಎಂದು ಯಾರಾದರೂ ಸೇರಿಸಬಹುದು. ತಪ್ಪು ಕಡಿಮೆಯಾಗುತ್ತದೆ, ಆದರೆ ಟಿ.ಎಸ್.ಎಸ್. ಅಲ್ಲೇ ಉಳಿಯುತ್ತದೆ. ಎಷ್ಟು ತಿದ್ದಿದರೂ ತಪ್ಪು ಪೂರ್ತಿ ಹೋಗುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳಲಿ.

ಕೊನೆಗೆ ‘ಬಗೆ’ ಎಂಬ ಒಂದು ಕಾಲಂ ಸೇರಿಸಲು ಹೇಳಿ. ಅದನ್ನು ತುಂಬಲು ಒಂದೊಂದು ಹೆಸರಿಗೆ ಎರಡು ಸೆಕೆಂಡು ಸಾಕು. ಊರಿನವರ ತಲೆಯಲ್ಲಿರುವ ತಿಳಿವಳಿಕೆ ಊರಿನ ಪರಿಚಯವಿಲ್ಲದ ಯಂತ್ರಕ್ಕೂ, ನಾಳೆ ಹೊಸದಾಗಿ ಬರುವ ಗುಮಾಸ್ತರಿಗೂ ಸಿಗುವುದು ಆ ಎರಡು ಸೆಕೆಂಡಿನ ಕೆಲಸದಿಂದ. ನಿಮ್ಮ ಶಾಲೆಯ ಪಟ್ಟಿಯಲ್ಲಿ ಆ ಕಾಲಂ ಇದೆಯೇ?